ಶೆಡ್ಡಿನೊಳಗಿನ ಮಳೆಗಾಲಕ್ಕೊಂದು ಜಡೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನೂಲಿನ ಗಿರಣಿಯ ಗೇಟಿನ ಎದುರಿಗೆ ಒಂದು ಸೈಕಲ್ ರಿಪೇರಿ ಅಂಗಡಿ. ಅದರ ಮುಚ್ಚಿದ ಬಾಗಿಲ ಮುಂದಿನ ಜಗಲಿಯಲ್ಲಿ ಒಂದು ಮಣೆ, ಮಣೆಯ ಹಿಂದೆ ಒಂದು ಸ್ಟೂಲು. ಸ್ಟೂಲಿನ ಮೇಲೆ ಕೂತವರು ಜಡೆಯಕ್ಕ. ಮಣೆಯ ಮೇಲೆ ಕೂತವಳ ತಲೆ ಅವರ ಎರಡು ಮೊಣಕಾಲುಗಳ ನಡುವೆ ಅಲ್ಲಾಡದಂತೆ ಸಿಕ್ಕಿಕೊಂಡಿದೆ.

"ಕತ್ತು ಆಡಿಸ್ಬೇಡ ಕಣೇ. ಬೈತಲೆ ಸೊಟ್ಟ ಆದ್ರೆ ನಿನ್ನ ಗಂಡ ನನ್ನ ಬೈತಾನೆ."

"ಅವರು ನನ್ನ ತಲೆ ನೋಡಿ ಎಷ್ಟು ವರ್ಷ ಆಯ್ತೋ ಬಿಡಕ್ಕ. ನೋಡೋದೆಲ್ಲ ತಟ್ಟೆ ಮಾತ್ರ."

ಸಾಲಿನಲ್ಲಿ ನಿಂತ ಹೆಂಗಸರೆಲ್ಲ ಗೊಳ್ಳನೆ ನಗುತ್ತಾರೆ. ಕೈಯಲ್ಲಿ ಊಟದ ಡಬ್ಬಿ, ಹೆಗಲ ಮೇಲೆ ಶಾಲು, ಬೆನ್ನ ಮೇಲೆ ಬಿಚ್ಚಿದ ಕೂದಲು. ಸೈರನ್ ಕೂಗುವುದರೊಳಗೆ ಜಡೆಯಕ್ಕನ ಕೈಯಲ್ಲಿ ಇಪ್ಪತ್ತು, ಇಪ್ಪತ್ತೈದು ತಲೆಗಳಾದರೂ ದಾಟಬೇಕು. ಇವರು ಹಾಕುವ ಜಡೆ ಬೆನ್ನ ಮೇಲೆ ಇಳಿಬಿಡುವಂಥದ್ದಲ್ಲ. ನೆತ್ತಿಗೆ ಅಂಟಿಕೊಂಡು ಸುತ್ತುತ್ತಾ ಹೋಗಿ ಟೋಪಿಯೊಳಗೆ ಅಡಗಿ ಕೂರುವ ಜಡೆ. ಪಿನ್ನು ಹಾಕುವಂತಿಲ್ಲ, ಜಾರಿ ಮಿಷನ್ನಿಗೆ ಬಿದ್ದರೆ ಗತಿ ಏನು? ರಬ್ಬರ್ ಬ್ಯಾಂಡೂ ಕೂಡದು, ಬಿಚ್ಚುವಾಗ ಕೂದಲನ್ನು ಕಿತ್ತುಕೊಂಡೇ ಬರುತ್ತದೆ. ಹಳೆಯ ಹತ್ತಿ ಬಟ್ಟೆಯ ಪಟ್ಟಿಗಳಿಂದ ಕಟ್ಟುತ್ತಾರೆ.

ಇಂಥವರ ಬಗ್ಗೆ ಬರೆಯಲು ಪತ್ರಿಕೆಯವರು ಕಳಿಸಿದ್ದು ನನ್ನನ್ನು. ನನ್ನ ತಲೆಯ ಮೇಲೆ ಕೂದಲು ಉಳಿದು ಎಷ್ಟೋ ಕಾಲವಾಯಿತು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅಂತಾರಲ್ಲ, ಹಾಗಾಯಿತು ನನ್ನ ಕಥೆ. ಜಡೆಯಕ್ಕ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, "ನಿಮ್ಮದು ಎಲ್ಲಾ ಕಾಲಕ್ಕೂ ಒಂದೇ ಅಲ್ವಾ ಅಣ್ಣ, ಪುಣ್ಯವಂತರು!" ಎಂದರು. ಮತ್ತೆ ಗೊಳ್ಳನೆ ನಗು. ನಾನೂ ನಕ್ಕೆ, ಇನ್ನೇನು ಮಾಡಲಿ?

ಸಾಲಿನಿಂದ ಆಚೆ, ಅಂಗಡಿಯ ಗೋಡೆಗೆ ಒರಗಿ ಕೂತ ಒಬ್ಬಳು ಮಾತ್ರ ನಗುತ್ತಿಲ್ಲ. ಅವಳ ತಲೆಗೆ ಬಿಸಿ ಟವೆಲ್ ಸುತ್ತಿದೆ, ಅದರಿಂದ ಆವಿ ಏಳುತ್ತಿದೆ. ಗಿರಣಿಯಲ್ಲಿ ಎಲ್ಲರೂ ಇವಳನ್ನು ಗುಂಗುರಿ ಎನ್ನುತ್ತಾರೆ. ನೂಲುವ ಮಿಷನ್ನಿನ ಮುಂದೆ ನಿಂತು, ಹರಿದ ಎಳೆಗಳನ್ನು ಕೂಡಿಸುವುದು ಅವಳ ಕೆಲಸ. ಕೂದಲು ಟೋಪಿಯಿಂದ ಹೊರಗೆ ಬಂತೆಂದು ಮೇಸ್ತ್ರಿ ಈಗಾಗಲೇ ಸಾಕಷ್ಟು ಸಲ ಎಚ್ಚರಿಸಿದ್ದಾರೆ. ಇವತ್ತು ಸೋಮವಾರ. ಇವತ್ತೂ ಒಂದು ಎಳೆ ಹೊರಗೆ ಕಂಡರೆ ಬುಡದವರೆಗೂ ಕತ್ತರಿಸಿಕೊಂಡು ಬರಬೇಕು, ಇಲ್ಲವೇ ಮಿಷನ್ ಬಿಟ್ಟು, ಕೂಲಿ ಕಡಿಮೆಯಿರುವ ಹತ್ತಿ ಕಸ ಆರಿಸುವ ಕೋಣೆಗೆ ಹೋಗಬೇಕು.

ಕತ್ತರಿಸಿದರೆ ಮತ್ತೆ ಬೆಳೆಯುತ್ತದಲ್ಲ ಎಂದು ನಾನು ಪೆದ್ದನಂತೆ ಕೇಳಿಬಿಟ್ಟೆ. ಗುಂಗುರಿ ಸಿಟ್ಟು ಮಾಡಲಿಲ್ಲ. "ಚಿಕ್ಕೋಳಿದ್ದಾಗ ಎಲ್ರೂ ಪೊರಕೆ, ಕಾಗೆಗೂಡು ಅಂತ ಆಡ್ಕೊಳ್ತಿದ್ರು ಅಣ್ಣ. ನಮ್ಮಮ್ಮನೇ ಬಾಚೋಕಾಗದೆ ಅಳ್ತಿದ್ಲು. ಈ ಅಕ್ಕನ ಕೈಗೆ ಸಿಕ್ಕಿದ ಮೇಲೇನೆ ಕನ್ನಡಿ ಮುಂದೆ ನಿಲ್ಲೋದು ಕಲ್ತೆ. ನನ್ನ ಮೈಮೇಲೆ ನಂಗೆ ಇಷ್ಟ ಆಗೋದು ಇದೊಂದೇ."

ಜಡೆಯಕ್ಕ ಈ ಮಾತು ಕೇಳಿಯೂ ಕೇಳದವರಂತೆ ಮುಂದಿನವಳ ಸಿಕ್ಕು ಬಿಡಿಸುತ್ತಿದ್ದಾರೆ. ದೊಡ್ಡ ಹಲ್ಲಿನ ಬಾಚಣಿಗೆ ಮೊದಲು ತುದಿಯಲ್ಲಿ ಓಡುತ್ತದೆ, ಆಮೇಲೆ ನಡುವಿಗೆ ಬರುತ್ತದೆ, ಕೊನೆಗೆ ಬುಡಕ್ಕೆ. "ಬುಡದಿಂದ ಎಳೆದ್ರೆ ಸಿಕ್ಕೆಲ್ಲ ಕೆಳಗೆ ಹೋಗಿ ಗಂಟಾಗುತ್ತೆ. ಅವಸರ ಮಾಡಿದೋರ ತಲೆ ಬೋಳು" ಎಂದವರು ನನ್ನ ಕಡೆ ನೋಡಿ ನಾಲಿಗೆ ಕಚ್ಚಿಕೊಳ್ಳುತ್ತಾರೆ.

ಕಾಲ ಬದಲಾದಂತೆ ಅವರ ಕೈಯೂ ಬದಲಾಗುತ್ತದೆ. ಬೇಸಿಗೆಯಲ್ಲಿ ಬೆವರು ಬುಡದಲ್ಲೇ ನಿಂತು ತುರಿಕೆ. ಆಗ ಜಡೆಯನ್ನು ಕತ್ತಿನಿಂದ ಮೇಲೆತ್ತಿ, ನಡುನಡುವೆ ಗಾಳಿಯಾಡಲು ಬಿಟ್ಟು ಹೆಣೆಯುತ್ತಾರೆ. ಮಳೆಗಾಲದಲ್ಲಿ ತೊಳೆದ ತಲೆ ಒಣಗುವುದೇ ಇಲ್ಲ. ಒದ್ದೆ ತಲೆಯಲ್ಲಿ ಬಂದವರನ್ನು ಮಣೆಯ ಮೇಲೆ ಕೂರಿಸುವುದೇ ಇಲ್ಲ, "ಹೋಗಿ ಒರೆಸ್ಕೊಂಡು ಬಾ, ವಾಸನೆ ಹಿಡಿಯುತ್ತೆ" ಎಂದು ಅಟ್ಟುತ್ತಾರೆ. ಚಳಿಗಾಲದಲ್ಲಿ ಕೂದಲು ಚಟಚಟ ಎನ್ನುತ್ತದೆ, ತುದಿ ಸೀಳುತ್ತದೆ. ಆಗ ಎಣ್ಣೆಯನ್ನು ಅಂಗೈಯಲ್ಲೇ ಉಜ್ಜಿ ಬಿಸಿ ಮಾಡಿ ತುದಿಗಷ್ಟೇ ಸವರುತ್ತಾರೆ. ಶೆಡ್ಡಿನಲ್ಲಿ ಹಾರಾಡುವ ಹತ್ತಿಯ ನಾರು ಎಣ್ಣೆ ಕಂಡಲ್ಲಿ ಅಂಟುತ್ತದೆ, ಜಾಸ್ತಿ ಹಾಕಿದರೆ ಸಾಯಂಕಾಲದ ಹೊತ್ತಿಗೆ ಎಲ್ಲರೂ ಮುದುಕಿಯರೇ.

ಇಷ್ಟೆಲ್ಲ ಕಲಿತದ್ದು ಎಲ್ಲಿ? ಜಡೆಯಕ್ಕ ಗಿರಣಿಯಲ್ಲಿ ಒಂದು ದಿನವೂ ಕೆಲಸ ಮಾಡಿದವರಲ್ಲ. ಪೇಟೆಯ ಒಂದು ಪಾರ್ಲರಿನಲ್ಲಿ ಕೂದಲು ಗುಡಿಸುತ್ತಿದ್ದರು, ಆಮೇಲೆ ತಲೆ ತೊಳೆಯಲು ನಿಂತರು. ಗಿರಣಿಯಲ್ಲಿದ್ದವರು ಅವರ ಅಕ್ಕ. ನಾವೂ ಅವರನ್ನು ದೊಡ್ಡಕ್ಕ ಎನ್ನೋಣ. ಟೋಪಿಯ ನಿಯಮ ಇನ್ನೂ ಬಂದಿರದ ಕಾಲ ಅದು. ಒಂದು ಬೆಳಿಗ್ಗೆ ದೊಡ್ಡಕ್ಕನ ಜಡೆ ಮಿಷನ್ನಿನ ಬೆಲ್ಟಿಗೆ ಸಿಕ್ಕಿತು. ಆಗಿನ್ನೂ ಹುಡುಗನಾಗಿದ್ದ ಈಗಿನ ಮೇಸ್ತ್ರಿ ಓಡಿ ಬಂದು ಕರೆಂಟು ಆರಿಸಿದ್ದರಿಂದ ಜೀವ ಉಳಿಯಿತು. ತಲೆಯ ಎಡಭಾಗದಲ್ಲಿ ಮಾತ್ರ ಆಮೇಲೆ ಕೂದಲು ಬರಲೇ ಇಲ್ಲ.

"ಆಸ್ಪತ್ರೆಯಿಂದ ಕರ್ಕೊಂಡು ಬಂದ ವಾರಾನೇ ನಾನು ಇಲ್ಲಿ ಮಣೆ ಹಾಕ್ಕೊಂಡು ಕೂತೆ" ಎನ್ನುತ್ತಾರೆ ಜಡೆಯಕ್ಕ. "ಯಾರೂ ಕರೀಲಿಲ್ಲ. ಬರ್ತಿದ್ದೋರ ಕೈ ಹಿಡಿದು ಎಳ್ದು ಕೂರಿಸ್ದೆ. ಯಾವಳೋ ಹುಚ್ಚಿ ಅಂದ್ಕೊಂಡ್ರು." ಹುಚ್ಚಿ ಎಂದವರ ಮಕ್ಕಳೂ ಈಗ ಇದೇ ಸಾಲಿನಲ್ಲಿ ನಿಲ್ಲುತ್ತಾರೆ. ಇವರ ಕೈಯ ಜಡೆ ಹಾಕಿಕೊಂಡು ಒಳಗೆ ಹೋದ ಯಾರ ಕೂದಲೂ ಇಂದಿನವರೆಗೆ ಬೆಲ್ಟಿಗೆ ಸಿಕ್ಕಿಲ್ಲ. ಒಮ್ಮೆ ಜಡೆಯಕ್ಕ ಕಾಯಿಲೆ ಬಿದ್ದ ವಾರ ಅವರ ಮನೆಗೆ ಹಾಲು, ಹಣ್ಣು, ಬಿಸಿ ಊಟ ಸರದಿಯ ಮೇಲೆ ಬಂದವಂತೆ. ಕೊನೆಗೆ ತಟ್ಟೆ ಇಡಲು ಜಾಗ ಇರಲಿಲ್ಲ ಎಂದು ಹೇಳುವಾಗ ಅವರ ಕಣ್ಣು ತುಂಬುತ್ತದೆ.

ದೊಡ್ಡಕ್ಕ ಮಾತ್ರ ಅಂದಿನಿಂದ ಈ ಬೀದಿಗೆ ಕಾಲಿಟ್ಟಿಲ್ಲ. ಮನೆಯಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ಅಡುಗೆ ಮಾಡುತ್ತಾರೆ, ತಂಗಿಗೆ ಬೇಕಾದ ಪಟ್ಟಿಗಳನ್ನು ಹರಿದು ಒಗೆದು ಮಡಚಿಡುತ್ತಾರೆ. ಗಿರಣಿಯ ಮಾತು ಬಂದರೆ ಎದ್ದು ಒಳಗೆ ಹೋಗುತ್ತಾರೆ. ತಂಗಿಯೂ ಕೇಳಿದವರಲ್ಲ.

ಗುಂಗುರಿ ಕೆಲಸಕ್ಕೆ ಸೇರಿದ್ದು ಕಳೆದ ಮಳೆಗಾಲದಲ್ಲಿ. ಆಗ ಏನೂ ತೊಂದರೆಯಿರಲಿಲ್ಲ, ಬೆಳಿಗ್ಗೆ ಹಾಕಿದ ಜಡೆ ಮಧ್ಯಾಹ್ನವೂ ಹಾಗೇ ಇರುತ್ತಿತ್ತು. ಚಳಿ ಶುರುವಾಯಿತು ನೋಡಿ, ಕೂದಲಿಗೆ ಅದೇನು ದೆವ್ವ ಹಿಡಿಯಿತೋ! ಒಳಗೆ ಹೋದ ಒಂದು ಗಂಟೆಯೊಳಗೆ ಜಡೆ ಉಬ್ಬಿ, ಸುರುಳಿಗಳೆಲ್ಲ ಹೊರಗೆ ಇಣುಕಿ, ಟೋಪಿ ಮೇಲೇಳುತ್ತಿತ್ತು. ಮೇಸ್ತ್ರಿ ಒಂದು ಸಲ ಹೇಳಿದರು, ಎರಡು ಸಲ ಹೇಳಿದರು. ಒಮ್ಮೆ ಕಣ್ಣಾರೆ ಕಂಡ ಮನುಷ್ಯ, ಅವರ ಭಯ ಅವರಿಗೆ.

"ಬಿಗಿ ಸಾಲ್ದು ಅಂದ್ಕೊಂಡೆ" ಎನ್ನುತ್ತಾರೆ ಜಡೆಯಕ್ಕ. "ಇನ್ನೂ ಬಿಗಿ ಮಾಡ್ದೆ, ಇನ್ನೂ ಬಿಗಿ ಮಾಡ್ದೆ. ಹುಡುಗಿ ತಲೆನೋವು ಅಂತ ಬಾಯಿ ಬಿಟ್ಟು ಹೇಳ್ಲಿಲ್ಲ. ಒಂದು ದಿನ ನೋಡ್ತೀನಿ, ಕಿವಿ ಮೇಲ್ಗಡೆ ಕೂದಲು ತೆಳ್ಳಗಾಗಿ ಚರ್ಮ ಕಾಣ್ತಿದೆ. ನನ್ನ ಕೈಯಿಂದಾನೇ ಉದುರ್ತಿತ್ತಲ್ಲ ಅಣ್ಣ! ಆ ದಿನ ನಂಗೆ ಊಟ ಸೇರ್ಲಿಲ್ಲ."

ನಿನ್ನೆ ಭಾನುವಾರ ಗುಂಗುರಿ ತಾನೇ ಇವರ ಮನೆಗೆ ಬಂದಳು. ಮಹಡಿಯ ಮೇಲಿನ ಎರಡು ಕೋಣೆಯ ಮನೆ. ಕುರ್ಚಿಯಲ್ಲಿ ಕೂತು, "ಕತ್ತರಿಸಿಬಿಡಕ್ಕ, ಮಿಷನ್ ಬಿಡೋಕಾಗಲ್ಲ, ಮಗೂನ ಸ್ಕೂಲಿಗೆ ಹಾಕಿದೀನಿ" ಎಂದಳು. ಜಡೆಯಕ್ಕ ಕತ್ತರಿ ತಂದರು. ತಂದವರು ಅದನ್ನು ಹಿಡಿದು ಸುಮ್ಮನೆ ನಿಂತರು. ಅಷ್ಟರಲ್ಲಿ ಒಳಕೋಣೆಯಲ್ಲಿ ಪಟ್ಟಿ ಮಡಚುತ್ತಿದ್ದ ದೊಡ್ಡಕ್ಕ ಬಾಗಿಲಿಗೆ ಬಂದರು.

"ನೀನು ಬೆಳಿಗ್ಗೆ ಹೆಣೆಯೋವಾಗ ಅವಳ ಕೂದಲು ಒಣಗಿರುತ್ತಾ?"

"ಈ ಚಳಿಗಾಳಿಗೆ ಒಣಗದೆ ಇನ್ನೇನಕ್ಕ, ಹುಲ್ಲಾಗಿರುತ್ತೆ."

"ಒಳಗೆ ಮಳೆಗಾಲ ಕಣೇ" ಎಂದರು ದೊಡ್ಡಕ್ಕ. "ಹೊರಗೆ ಯಾವ ಕಾಲ ಇದ್ರೂ ಶೆಡ್ಡಿನೊಳಗೆ ಮಳೆಗಾಲಾನೇ. ಗಾಳಿ ಒಣಗಿದ್ರೆ ನೂಲು ಪಟಪಟ ಹರಿಯುತ್ತೆ ಅಂತ ಮೇಲಿಂದ ನೀರು ಹೊಗೆ ಥರ ಬಿಡ್ತಾರೆ. ಚಳಿಗಾಲದಲ್ಲಿ ಇನ್ನೂ ಜಾಸ್ತಿ. ಒಣಗಿದ ಗುಂಗುರು ಆ ತೇವ ಕುಡಿದ್ರೆ ಉಬ್ಬದೆ ಇರುತ್ತಾ?"

ತಂಗಿ ಬಾಯಿ ತೆರೆದು ನಿಂತರು. ಅಷ್ಟು ವರ್ಷಗಳ ಮೇಲೆ ಅಕ್ಕನ ಬಾಯಲ್ಲಿ ಶೆಡ್ಡಿನ ಮಾತು! ಗುಂಗುರಿ ಹಣೆ ಚಚ್ಚಿಕೊಂಡಳು, "ಅಯ್ಯೋ, ದಿನಾ ಆ ಮಂಜಲ್ಲೇ ನಿಂತಿರ್ತೀನಲ್ಲ, ನಂಗೆ ಹೊಳೀಲೇ ಇಲ್ವಲ್ಲ!" ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ. ನೆಟ್ಟನೆಯ ಕೂದಲಿನವರಿಗೆ ಆ ತೇವದಿಂದ ಏನೂ ಆಗುತ್ತಿರಲಿಲ್ಲ, ಹಾಗಾಗಿ ಯಾರೂ ಹೇಳಿರಲಿಲ್ಲ. ಮಳೆಗಾಲದಲ್ಲಿ ಗುಂಗುರಿಯ ಕೂದಲು ಹೊರಗೇ ಉಬ್ಬಿರುತ್ತಿತ್ತು, ಉಬ್ಬಿದ ಮೇಲೆ ಹೆಣೆದದ್ದು ನಿಲ್ಲುತ್ತಿತ್ತು.

ಆಮೇಲೆ ನಡೆದದ್ದನ್ನು ಕೇಳಿ ನಾನು ಹೊಟ್ಟೆ ಹಿಡಿದು ನಕ್ಕೆ. ಮೂವರೂ ಬಚ್ಚಲಿಗೆ ಹೋಗಿ, ಬಕೆಟ್ ತುಂಬ ಕುದಿನೀರಿಟ್ಟು ಬಾಗಿಲು ಹಾಕಿಕೊಂಡರು. ಗುಂಗುರಿಯ ತಲೆಯ ಒಂದು ಕಡೆ ಒಣಗಿದ ಕೂದಲಿನ ಜಡೆ, ಇನ್ನೊಂದು ಕಡೆ ಬಿಸಿ ಟವೆಲಿನ ಆವಿ ಕೊಟ್ಟು, ಉಬ್ಬುವಷ್ಟು ಉಬ್ಬಲು ಬಿಟ್ಟು, ಆಮೇಲೆ ಸಡಿಲವಾಗಿ ಹೆಣೆದ ಜಡೆ. ಬೆವರು ಸುರಿಸುತ್ತಾ ಕೂತರು. ಒಣಗಿದ ಕಡೆಯದು ಉಬ್ಬಿ ಬಿಚ್ಚಿಕೊಂಡಿತು, ಆವಿ ಕೊಟ್ಟದ್ದು ಕದಲಲಿಲ್ಲ. ಪಕ್ಕದ ಮನೆಯಾಕೆ ಬಾಗಿಲು ಬಡಿದು, "ಮೂರು ಜನ ಒಳಗೇನ್ ಮಾಡ್ತಿದೀರ್ರೇ?" ಎಂದು ಕೇಳಿದಳಂತೆ.

ಆದರೆ ಬಚ್ಚಲು ಬೇರೆ, ಗಿರಣಿ ಬೇರೆ. ಅಲ್ಲಿ ಇಡೀ ಪಾಳಿ ನಿಲ್ಲಬೇಕು. ಈಗ ಸಾಲು ಮುಗಿದಿದೆ. ಗುಂಗುರಿ ಮಣೆಗೆ ಬರುತ್ತಾಳೆ. ಟವೆಲ್ ಬಿಚ್ಚಿದ ಕೂಡಲೇ ಕೂದಲು ಮೆಲ್ಲಗೆ ಅರಳಿಕೊಳ್ಳುತ್ತದೆ. ಜಡೆಯಕ್ಕ ಕಿವಿಯ ಮೇಲಿನ ತೆಳ್ಳಗಾದ ಜಾಗವನ್ನು ಎಳೆಯದೆ, ಬೆರಳ ತುದಿಯಲ್ಲೇ ಕೂದಲೆತ್ತಿ ಹೆಣೆಯುತ್ತಾರೆ. ಈ ಹೊತ್ತಿನಲ್ಲಿ ಅವರ ಬಾಯಲ್ಲಿ ಒಂದು ತಮಾಷೆಯೂ ಬರುವುದಿಲ್ಲ. ಕೊನೆಯ ಗಂಟು ಹಾಕಿ, ಟೋಪಿ ಇಟ್ಟು, "ನೋಯ್ತಿದೆಯಾ?" ಎನ್ನುತ್ತಾರೆ.

"ಇಲ್ಲಕ್ಕ."

"ನಿಜ ಹೇಳು, ನಿನ್ನ ಬಾಯಿ ನಂಗೊತ್ತು."

"ನಿಜವಾಗ್ಲೂ ಇಲ್ಲ."

ಸೈರನ್ ಕೂಗುತ್ತದೆ. ಗೇಟು ಎಲ್ಲರನ್ನೂ ಒಳಗೆ ಎಳೆದುಕೊಳ್ಳುತ್ತದೆ. ಬೇರೆ ದಿನವಾದರೆ ಜಡೆಯಕ್ಕ ಮಣೆ ಎತ್ತಿ ಮನೆಗೆ ಹೊರಡುವ ಹೊತ್ತು. ಇವತ್ತು ಹೊರಡುವುದಿಲ್ಲ. ಸೈಕಲ್ ಅಂಗಡಿಯವರು ಬಂದು ಬಾಗಿಲು ತೆಗೆದು, ಏನೂ ಕೇಳದೆ ಒಂದು ಟೀ ತರಿಸಿ ಕೊಡುತ್ತಾರೆ. ಜಗಲಿಗೆ ಇಷ್ಟು ವರ್ಷ ಬಾಡಿಗೆ ಕೇಳದ ಪುಣ್ಯಾತ್ಮ ಇವರೇ ಎಂದು ಜಡೆಯಕ್ಕ ನನಗೆ ಪರಿಚಯಿಸುತ್ತಾರೆ. ನಾನೂ ಕೂರುತ್ತೇನೆ. ಬಿಸಿಲು ಬರುತ್ತದೆ, ನನ್ನ ತಲೆ ಕಾಯುತ್ತದೆ. ಅವರು ಬಾಚಣಿಗೆಯ ಹಲ್ಲುಗಳನ್ನು ಒರೆಸಿದ್ದನ್ನೇ ಒರೆಸುತ್ತಾರೆ.

ಪಾಳಿ ಬಿಡುವ ಹೊತ್ತು ಹತ್ತಿರವಾದಾಗ ಅವರ ಕೈ ತಟಕ್ಕನೆ ನಿಂತಿತು. ಬೀದಿಯ ತುದಿಯಿಂದ, ತಲೆಗೆ ತಿಳಿನೀಲಿ ಬಟ್ಟೆ ಕಟ್ಟಿದ ಹೆಂಗಸೊಬ್ಬರು ಗೋಡೆಯ ಪಕ್ಕದಲ್ಲೇ ನಡೆದು ಬರುತ್ತಿದ್ದಾರೆ. ಜಡೆಯಕ್ಕ ಎದ್ದು ನಿಂತರು. "ಅಕ್ಕ" ಎಂದರು.

"ಏನಾಯ್ತೋ ಅಂತ ಮನೇಲಿ ಕೂರೋಕಾಗ್ಲಿಲ್ಲ" ಎಂದು ದೊಡ್ಡಕ್ಕ ಜಗಲಿಯ ಮೇಲೆ ಕೂತರು. ತಂಗಿಯ ಕೈ ಹಿಡಿದುಕೊಂಡರು. ಇಬ್ಬರೂ ಗೇಟನ್ನೇ ನೋಡುತ್ತಿದ್ದರು.

ಸೈರನ್. ಮೊದಲು ಬಂದ ಗುಂಪಿನಲ್ಲಿ ಗುಂಗುರಿ ಇಲ್ಲ. ಎರಡನೆಯದರಲ್ಲೂ ಇಲ್ಲ. ಕಸದ ಕೋಣೆಗೆ ಕಳಿಸಿದರೇನೋ ಎಂದು ನಾನೂ ಎದ್ದು ಗೇಟಿನೊಳಗೆ ಇಣುಕಿದೆ. ಆಮೇಲೆ ಬಂದಳು, ಮೇಸ್ತ್ರಿಯ ಜೊತೆಯಲ್ಲೇ. ಟೋಪಿ ಬೆಳಿಗ್ಗೆ ಇಟ್ಟ ಹಾಗೇ ಇದೆ. ಒಂದು ಎಳೆಯೂ ಹೊರಗಿಲ್ಲ.

"ಎಂಟು ಸಲ ಹೋಗಿ ನೋಡ್ದೆ" ಎಂದರು ಮೇಸ್ತ್ರಿ ಜಡೆಯಕ್ಕನಿಗೆ. "ನಂಗೇ ನಾಚಿಕೆ ಆಯ್ತು. ಮಿಷನ್ ಅವಳದ್ದೇ. ಇನ್ನು ಆ ಮಾತಿಲ್ಲ." ಹೇಳಿ ತಿರುಗಿದವರು ದೊಡ್ಡಕ್ಕನನ್ನು ಕಂಡು ನಿಂತುಬಿಟ್ಟರು. ಆಮೇಲೆ ಎರಡು ಹೆಜ್ಜೆ ಹತ್ತಿರ ಬಂದು, "ಚೆನ್ನಾಗಿದೀರಾ?" ಎಂದರು.

"ಅವತ್ತು ನೀವು ಓಡಿ ಬಂದ್ರಲ್ಲ, ಅದಕ್ಕೇ ಚೆನ್ನಾಗಿದೀನಿ" ಎಂದರು ದೊಡ್ಡಕ್ಕ. "ಹೇಳಬೇಕು ಅಂತ ಇಷ್ಟು ವರ್ಷ ಇತ್ತು."

ಮೇಸ್ತ್ರಿ ತಲೆಯಾಡಿಸಿ, ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು.

ಗುಂಗುರಿ ದೊಡ್ಡಕ್ಕನ ಮುಂದೆ ನೆಲದ ಮೇಲೆ ಕೂತಳು. "ಬಿಚ್ಚು, ನೋಡ್ತೀನಿ" ಎಂದರು ದೊಡ್ಡಕ್ಕ. ಟೋಪಿ ಹೋಯಿತು, ಪಟ್ಟಿ ಬಿಚ್ಚಿತು. ಅಷ್ಟು ಹೊತ್ತು ಅಡಗಿದ್ದ ಕೂದಲು ಹಠಾತ್ತನೆ ಎಲ್ಲ ದಿಕ್ಕಿಗೂ ಎದ್ದು ನಿಂತಿತು. ದೊಡ್ಡಕ್ಕ ಎರಡೂ ಕೈಗಳನ್ನು ಅದರೊಳಗೆ ಮೊಣಕೈವರೆಗೆ ಮುಳುಗಿಸಿದವರಂತೆ ಇಳಿಸಿ, "ಅಯ್ಯಯ್ಯೋ, ಇಷ್ಟನ್ನೂ ಎಲ್ಲಿ ತುಂಬ್ಕೊಂಡಿದ್ಯೇ!" ಎಂದು ನಗಲು ಶುರು ಮಾಡಿದರು. ನಗು ನಿಲ್ಲಲೇ ಇಲ್ಲ, ಗುಂಗುರಿಗೂ ಅಂಟಿತು, ಗೇಟಿನ ಕಾವಲುಗಾರನೂ ತಿರುಗಿ ನೋಡಿದ.

ಇಂಥ ಲೇಖನದ ಕೊನೆಗೆ ಎಲ್ಲರನ್ನೂ ಕೇಳುವ ಪ್ರಶ್ನೆಯನ್ನು ನಾನೂ ಕೇಳಿದೆ. ನಿಮಗೇನು ಆಸೆ ಇದೆಯಮ್ಮ? ಜಡೆಯಕ್ಕ ನನ್ನ ಕಡೆ ನೋಡಲೂ ಇಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾ ಅಕ್ಕನನ್ನೇ ನೋಡುತ್ತಿದ್ದರು.

"ನನ್ನಕ್ಕ ಈ ಗೇಟಿನ ಮುಂದೆ ಕೂತು ನಗ್ತಿದಾಳೆ ಅಣ್ಣ. ಅದನ್ನ ಬರ್ಕೊಳ್ಳಿ."