ಬನಹಟ್ಟಿಯಲ್ಲಿ ಬಿಡಿಸಿದ ಸಾಂಗಲಿಯ ಪ್ರಶ್ನೆಗಳು

ಬನಹಟ್ಟಿಗೆ ಬಂದಿಳಿದ ದಿನ ನನಗೆ ರಾತ್ರಿಯ ಊಟವನ್ನು ಬಿಸಿಲಿನಲ್ಲಿ ಬಡಿಸಿದರು. ಮೈಸೂರಿನಿಂದ ಎರಡು ದಿನ ರೈಲಿನಲ್ಲಿ ಕುಳಿತು, ಕುಡಚಿ ಸ್ಟೇಷನ್ನಿನಲ್ಲಿ ಇಳಿದು, ಮೋಟಾರಿನಲ್ಲಿ ಧೂಳು ಕುಡಿದು ನಾನೂ ನಮ್ಮ ಯಜಮಾನರೂ ಬಂದಿದ್ದೆವು. ಕೈಕಾಲು ತೊಳೆದು ಕೂರುವಷ್ಟರಲ್ಲಿ ಮನೆಯೊಡತಿ ಚಂದ್ರವ್ವ ತಟ್ಟೆ ತಂದಿಟ್ಟರು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಗೋಡೆಯ ಮೇಲೆ ಬಿಸಿಲು ಇನ್ನೂ ಹಳದಿಯಾಗಿತ್ತು.

"ಯವ್ವಾ, ಹೊತ್ತ ಮುಳಗೂದರಾಗ ಉಂಡಬಿಡ್ರಿ" ಎಂದರು.

ನನಗಿಂತ ಮೂವತ್ತು ವರ್ಷ ದೊಡ್ಡವರು ನನ್ನನ್ನು 'ಯವ್ವಾ' ಎಂದದ್ದು ಒಂದು ಅಚ್ಚರಿ. ಹಗಲಿನಲ್ಲೇ ರಾತ್ರಿಯೂಟ ಮುಗಿಸುವುದು ಇನ್ನೊಂದು. ಅವರು ಜೈನರು, ದೀಪ ಹಚ್ಚಿದ ಮೇಲೆ ಅವರ ಒಲೆ ಉರಿಯುವುದಿಲ್ಲ ಎಂದು ಆಮೇಲೆ ತಿಳಿಯಿತು. ಆ ಹೊತ್ತಿಗೆ ನನಗನ್ನಿಸಿದ್ದು ಇಷ್ಟೇ: ಇಲ್ಲಿ ಸೂರ್ಯನೂ ಬೇರೆಯ ಲೆಕ್ಕದಲ್ಲಿ ಮುಳುಗುತ್ತಾನೆ.

ನಮ್ಮವರಿಗೆ ಅಲ್ಲಿನ ಬಣ್ಣದ ಕಾರ್ಖಾನೆಯೊಂದರಲ್ಲಿ ನೂಲಿಗೆ ಬಣ್ಣ ಹಾಕಿಸುವ ಕೆಲಸ. ಊರವರು ಅವರನ್ನು 'ಬಣ್ಣದ ಮಾಸ್ತರ' ಎನ್ನುತ್ತಿದ್ದರು, ನಾನು 'ಮಾಸ್ತರ ಮನಿಯವರು'. ಮೈಸೂರಿನಲ್ಲಿ ನನಗೊಂದು ಹೆಸರಿತ್ತು. ಹಾಜರಿ ಪುಸ್ತಕ ನೋಡಿ ಅದನ್ನು ದಿನವೂ ಕೂಗುತ್ತಿದ್ದರು. ಬಿ.ಎಸ್ಸಿ. ತರಗತಿಯಲ್ಲಿದ್ದ ನಾಲ್ವರು ಹುಡುಗಿಯರಲ್ಲಿ ನಾನೊಬ್ಬಳು. ಮೊದಲ ವರ್ಷದ ಅರ್ಧದಲ್ಲಿ ಮದುವೆ ಗೊತ್ತಾಯಿತು. ಪುಸ್ತಕಗಳನ್ನು ತಮ್ಮನಿಗೆ ಕೊಟ್ಟು ಬಂದೆ.

ನಾವಿದ್ದದ್ದು ಚಂದ್ರವ್ವನವರ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ. ನಮ್ಮೂರ ಹೆಂಚಿನ ಮಾಡಿನ ಇಳಿಜಾರು ಅಲ್ಲಿಲ್ಲ. ಮೇಲೆ ಮಣ್ಣಿನ ಮಾಳಿಗೆ, ಅದರ ಮೇಲೆ ಮೆಣಸಿನಕಾಯಿ, ಹಪ್ಪಳ, ಒದ್ದೆ ನೂಲು, ಎಲ್ಲ ಒಣಗುತ್ತವೆ. ಬೆಳಗಾದರೆ ಓಣಿಯ ತುಂಬ ಮಗ್ಗದ ಸದ್ದು. ಮೊದಲ ವಾರ ಅದು ತಲೆಯೊಳಗೇ ಹೊಡೆಯುತ್ತಿತ್ತು. ಅಮಾವಾಸ್ಯೆಯ ರಜೆಗೆ ಮಗ್ಗ ನಿಂತಾಗ ಯಾರಿಗೋ ಏನೋ ಆಗಿದೆ ಎಂದು ಗಾಬರಿಯಾಗಿ ಹೊರಗೆ ಓಡಿಬಂದೆ. ಅರ್ಧ ಗಂಟೆ ನಡೆದರೆ ರಬಕವಿ, ಅದು ಬೇರೆ ಸಂಸ್ಥಾನ. ನಮ್ಮ ಬನಹಟ್ಟಿ ಜಮಖಂಡಿಯ ರಾಜರದು, ರಬಕವಿ ಸಾಂಗಲಿಯವರದು. ಮೈಸೂರಿನಲ್ಲಿ ಮೂರು ದಿನ ನಡೆದರೂ ಒಬ್ಬರೇ ಮಹಾರಾಜರು.

ಮಾತೂ ಹಾಗೆಯೇ, ಕನ್ನಡವೇ, ಆದರೆ ಬಾಗಿಲು ಬೇರೆ ಕಡೆಗಿದೆ. "ಆರಾಮ ಅದೀರಿ?" ಎಂದರೆ ನಾನು ವಿಶ್ರಾಂತಿ ಪಡೆಯುತ್ತಿದ್ದೇನೆಯೇ ಎಂದು ಕೇಳಿದರೆಂದುಕೊಂಡು, "ಇಲ್ಲ, ಕೆಲಸ ಮಾಡ್ತಿದೀನಿ" ಎಂದಿದ್ದೆ. ಅವರು ಕೇಳಿದ್ದು ಕ್ಷೇಮವೇ ಎಂದು. 'ಅಡ್ಡಿಯಿಲ್ಲ' ಎಂದರೆ 'ಆಗಲಿ' ಎಂದರ್ಥ, 'ತಾಸು' ಎಂದರೆ ಗಂಟೆ. ನಾನು ಬಾಯಿ ಬಿಟ್ಟರೆ ಬಾವಿಯ ಬಳಿ ಹೆಂಗಸರು ನಗುತ್ತಿದ್ದರು. ಕೆಟ್ಟ ನಗುವಲ್ಲ. ಆದರೂ ನೀರು ಸೇದಿ ಬೇಗ ಬಂದುಬಿಡುತ್ತಿದ್ದೆ. ಮಧ್ಯಾಹ್ನವಿಡೀ ಎರಡು ಕೋಣೆಗಳ ನಡುವೆ ಓಡಾಡುತ್ತಿದ್ದೆ. ಓದಲು ಏನೂ ಇರಲಿಲ್ಲ. ಬಣ್ಣದ ಡಬ್ಬಿಗಳ ಮೇಲಿನ ಚೀಟಿಗಳನ್ನೂ ಓದಿ ಮುಗಿಸಿದ್ದೆ.

ದೀಪಾವಳಿಯ ರಜೆಗೆ ಚಂದ್ರವ್ವನವರ ಮಗಳು ಪದ್ಮಾವತಿ ಸಾಂಗಲಿಯಿಂದ ಬಂದಳು. ಹದಿನೆಂಟರ ಹುಡುಗಿ, ಅಲ್ಲಿನ ಕಾಲೇಜಿನಲ್ಲಿ ಸೈನ್ಸ್ ಓದುತ್ತಿದ್ದಳು. ಅವರ ಮನೆತನದಲ್ಲಿ ಗಂಡಸರೂ ಅಷ್ಟು ಓದಿರಲಿಲ್ಲ. ಅವಳ ತಂದೆ ಅಪ್ಪಣ್ಣನವರು ನೂಲಿನ ವ್ಯಾಪಾರಿ. ಮುಧೋಳದ ಸಂಬಂಧವೊಂದು ಎರಡು ವರ್ಷದಿಂದ ಕಾಯುತ್ತಿತ್ತು. ಪಾಸಾಗುತ್ತಿರುವವರೆಗೆ ಓದು, ಎಂದು ತಂದೆಯ ಕರಾರು.

ಅವಳು ನನ್ನ ಕೋಣೆಗೆ ಬಂದಾಗ ಕೈಯಲ್ಲಿ ಮಡಿಸಿದ ಕಾಗದವಿತ್ತು. "ಅಕ್ಕಾರ, ರಜಾದಾಗ ಬಿಡಿಸಿಕೊಂಡ ಬಾ ಅಂತ ಪ್ರಶ್ನಿ ಕೊಟ್ಟಾರ್ರಿ. ಎಲ್ಲಾ ಇಂಗ್ಲೀಷಿನ್ಯಾಗ. ಸ್ವಲ್ಪ ತಿಳಿಸಿ ಹೇಳತೀರೇನ್ರಿ?"

ಕಾಗದ ಬಿಚ್ಚಿದೆ, ಹನ್ನೆರಡು ಪ್ರಶ್ನೆಗಳು. ರಾಟೆಯ ಮೇಲಿನ ಬಲ, ಲೋಲಕದ ಅವಧಿ, ಪಟಿಕದ, ಅಂದರೆ ಆಲಮ್ಮಿನ, ರಾಸಾಯನಿಕ ಗುಣ. ಹಸಿದವಳ ಮುಂದೆ ಎಲೆ ಹಾಕಿದ ಹಾಗಾಯಿತು. "ಇಟ್ಟು ಹೋಗು" ಎಂದೆ. ಎರಡು ಮಧ್ಯಾಹ್ನಗಳಲ್ಲಿ ಹನ್ನೆರಡೂ ಪ್ರಶ್ನೆಗಳಿಗೆ ಉತ್ತರ ಬರೆದೆ, ಚಿತ್ರ ಸಮೇತ. ಅವಳು ಅದನ್ನು ನಕಲು ಮಾಡಿಕೊಂಡು ಹೋದಳು. ಅಲ್ಲಿಂದ ಮುಂದೆ ಪ್ರಶ್ನೆಗಳು ಅಂಚೆಯಲ್ಲಿ ಬರತೊಡಗಿದವು, ಉತ್ತರಗಳು ಮರುಟಪಾಲಿಗೇ ಹೋದವು.

ಸುದ್ದಿ ಹರಡಿತು. ಬೇಸಿಗೆಯಲ್ಲಿ ತೇರದಾಳದ ಒಬ್ಬ ಯುವಕ ಪುಣೆಯಿಂದ ವಾಣಿಜ್ಯದ ಪ್ರಶ್ನೆ ತಂದ: ಮಾಡುವವನಿಗೂ ಕೊಳ್ಳುವವನಿಗೂ ನಡುವೆ ಇರುವ ದಲಾಲನಿಂದ ಸಮಾಜಕ್ಕೆ ಏನು ಉಪಯೋಗ? ಜಮಖಂಡಿಯ ಇನ್ನೊಬ್ಬ ತರ್ಕಶಾಸ್ತ್ರದ್ದು ತಂದ. ವಾಣಿಜ್ಯ ನಾನು ಓದಿದ್ದೇ ಅಲ್ಲ. ಅವನ ಪುಸ್ತಕವನ್ನೇ ಇಸಿದುಕೊಂಡು, ಒಂದು ದಿನದಲ್ಲಿ ಓದಿ, ಮೂರು ಪುಟ ಬರೆದುಕೊಟ್ಟೆ. ಹತ್ತು ಹೆಜ್ಜೆ ಆಚೆ ನೇಕಾರರ ಮನೆಯಿತ್ತು, ಅವರು ನೇಯ್ದ ಸೀರೆಯನ್ನು ದಲಾಲರೇ ಒಯ್ಯುತ್ತಿದ್ದರು. ಆ ನೇಕಾರರನ್ನೊಂದು ಮಾತು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಆದರೆ ಬಾವಿಯ ಬಳಿ ಈಗ ಯಾರೂ ನಗುತ್ತಿರಲಿಲ್ಲ. ಕೊಡ ಇಳಿಸಲು ಜಾಗ ಬಿಡುತ್ತಿದ್ದರು. ಮೈಸೂರಿಗೆ ಬರೆದ ಪತ್ರದಲ್ಲಿ, 'ಇಲ್ಲಿಗೆ ಹೊಂದಿಕೊಂಡಿದ್ದೇನೆ' ಎಂದು ಬರೆದೆ.

ಮಳೆಗಾಲದ ಕೊನೆಗೆ, ರಜೆಯೇ ಇಲ್ಲದ ಒಂದು ದಿನ, ಪದ್ಮಾವತಿ ಟ್ರಂಕಿನೊಂದಿಗೆ ಬಂದಿಳಿದಳು. ಮನೆಯವರೊಡನೆ ಮಾತಾಡದೆ ನೇರ ನನ್ನ ಕೋಣೆಗೆ ಬಂದು ಬಾಗಿಲಲ್ಲೇ ನಿಂತಳು.

"ಸರ್ ನನ್ನ ಬೋರ್ಡಿಗೆ ಕರದ್ರು. ಪಟಿಕ ಹಾಕಿದ್ರ ನೂಲಿಗೆ ಬಣ್ಣ ಯಾಕ ನಿಂದರತೈತಿ, ನೀನ ಬರದೀಯಲ್ಲ, ಹೇಳು ಅಂದ್ರು. ನನಗ ಒಂದ ಅಕ್ಷರ ಬರಲಿಲ್ಲ."

ನಾನು, "ಅದು ಸುಲಭ, ಈಗಲೇ ಹೇಳ್ತೀನಿ" ಎಂದೆ.

"ಈಗ ಹೇಳತೀರಿ!" ಎಂದಳು. "ನಾ ಮೊದಲನೇ ದಿವಸ ಏನ ಕೇಳಿದ್ನಿ? ತಿಳಿಸಿ ಹೇಳ್ರಿ ಅಂತ ಕೇಳಿದ್ನಿ. ನೀವು ಬರದ ಕೊಟ್ರಿ. ನನಗೂ ಹಗುರಾತು, ನಾನೂ ಸುಮ್ಮನಾದ್ನಿ. ನಿಮ್ಮ ಉತ್ತರಾ ಖರೆ ಅದಾವ್ರಿ ಅಕ್ಕಾರ. ಆದ್ರ ಅವು ನನ್ನ ಬಾಯಾಗ ಬರವಲ್ಲವು."

ಕಾಲೇಜಿನಿಂದ ತಂದೆಗೆ ಪತ್ರ ಬಂದಿತ್ತು: ಬರೆದದ್ದು ಇವಳದಲ್ಲ, ಮುಂದಿನ ತಿಂಗಳ ಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದರೆ ಕರೆದುಕೊಂಡು ಹೋಗಿ. ಅಪ್ಪಣ್ಣನವರು ಪತ್ರವನ್ನು ಇನ್ನೊಬ್ಬರಿಂದ ಓದಿಸಿಕೊಂಡು, ಸಾಲಿ ಸಾಕು ಎಂದು ಮಗಳನ್ನು ಕರೆಸಿದ್ದರು. ಮುಧೋಳಕ್ಕೆ ಹೇಳಿಕಳಿಸುವ ಮಾತೂ ಆಗಿತ್ತು.

ಅವಳು ಹೋದ ಮೇಲೆ ಪೆಟ್ಟಿಗೆ ತೆಗೆದು ಆ ಒಂದು ವರ್ಷದ ಪ್ರಶ್ನೆಗಳನ್ನೆಲ್ಲ ನೆಲದ ಮೇಲೆ ಹರಡಿದೆ. ನಾನು ಅವಳಿಗೆ ಓದು ಕೊಟ್ಟಿರಲಿಲ್ಲ, ಅವಳದನ್ನು ಕಸಿದುಕೊಂಡು ನಾನೇ ಓದಿದ್ದೆ. ಸಂಜೆ ನಮ್ಮವರಿಗೆ ಹೇಳಿದಾಗ ಅವರು, "ಅವರಪ್ಪನ ಹತ್ರ ನೀನೇ ಹೋಗಿ ಹೇಳು. ನಾನು ಹೇಳಿದರೆ ಅದೂ ಬರೆದುಕೊಟ್ಟ ಹಾಗೇ ಆಗುತ್ತೆ" ಎಂದರು.

ಮರುದಿನ ಬೆಳಿಗ್ಗೆ ಪಡಸಾಲೆಗೆ ಹೋದೆ. ಒಂದು ವರ್ಷದಲ್ಲಿ ಅಪ್ಪಣ್ಣನವರೊಡನೆ ನಾನು ನೇರವಾಗಿ ಮಾತಾಡಿರಲಿಲ್ಲ. ಅವರು ನೂಲಿನ ಲಡಿಗಳನ್ನು ಬೆರಳಲ್ಲಿ ಎಳೆದು ನೋಡುತ್ತ ಕುಳಿತಿದ್ದರು. ಕಂಬದ ಪಕ್ಕ ನಿಂತು ಹೇಳಿದೆ: "ತಪ್ಪು ನನ್ನದು. ಅವಳು ಕಲಿಸಿ ಅಂದಳು, ನಾನು ಕಲಿಸಲಿಲ್ಲ, ಬರೆದುಬಿಟ್ಟೆ. ನನ್ನ ಕಾಲೇಜು ಬಿಟ್ಟುಹೋಗಿತ್ತು, ಆ ಆಸೆಗೆ ಬರೆದೆ."

ಅವರು ಲಡಿ ಕೆಳಗಿಟ್ಟರು. "ಮಾಸ್ತರ ಮನಿಯವರ, ನೀವು ಓದಿದವರು. ನಾ ಓದಿದಾಂವ ಅಲ್ಲ. ನನ್ನ ಮಗಳಿಗೆ ಏನ ತಿಳದೈತಿ, ಏನ ತಿಳದಿಲ್ಲ, ನನಗ ಹೆಂಗ ಗೊತ್ತಾಗಬೇಕು?"

ಲಡಿಯನ್ನು ಮತ್ತೆ ಕೈಗೆತ್ತಿಕೊಂಡು ಅವರೇ ಹೇಳಿದರು: "ಒಂದ ಕೆಲಸಾ ಮಾಡ್ರಿ. ಆ ಬಣ್ಣದ ಪ್ರಶ್ನಿ ನನ್ನ ಮುಂದ ಬಿಡಿಸಿ ಹೇಳಲಿ, ಕನ್ನಡದಾಗ. ನನಗ ತಿಳೀತಂದ್ರ ಆಕಿಗೆ ತಿಳದೈತಿ ಅಂತ ತಿಳಕೋತೀನಿ. ಎಂಟ ದಿವಸ ತಗೋರಿ."

ಆ ಎಂಟು ದಿನ ನಾನು ಪೆನ್ನು ಮುಟ್ಟಲಿಲ್ಲ. ಅದು ಎಷ್ಟು ಕಷ್ಟವೆಂದು ಈಗಲೂ ಹೇಳಲಾರೆ. ಅವಳು ತಡವರಿಸಿದಾಗಲೆಲ್ಲ ನನ್ನ ಕೈ ಕಾಗದದ ಕಡೆ ಹೋಗುತ್ತಿತ್ತು. ಅವಳು ಅದನ್ನು ನೋಡಿ, "ಅಕ್ಕಾರ, ಕೈ ಹಿಂದ ತಗೋರಿ" ಎನ್ನುತ್ತಿದ್ದಳು. ನಮ್ಮವರು ಇಬ್ಬರನ್ನೂ ಬಣ್ಣದ ಕಾರ್ಖಾನೆಗೆ ಕರೆದುಕೊಂಡು ಹೋದರು. ಮೈಸೂರಿನ ಪ್ರಯೋಗಶಾಲೆಯಲ್ಲಿ ಗಾಜಿನ ಕೊಳವೆಯೊಳಗೆ ಬೆರಳುದ್ದ ನೀರಿನಲ್ಲಿ ನೋಡಿದ್ದನ್ನು ಅಲ್ಲಿ ಆಳೆತ್ತರದ ಹಂಡೆಗಳಲ್ಲಿ ಕುದಿಸುತ್ತಿದ್ದರು. ಬಣ್ಣದ ಕೆಲಸಗಾರರು ಮೊಣಕೈವರೆಗೆ ಕೆಂಪಾಗಿ ನಿಂತಿದ್ದರು. ಪದ್ಮಾವತಿ ಎರಡು ಲಡಿ ತೆಗೆದುಕೊಂಡು ಒಂದನ್ನು ಪಟಿಕದ ನೀರಿನಲ್ಲಿ ನೆನೆಸಿದಳು, ಇನ್ನೊಂದನ್ನು ಹಾಗೇ ಬಿಟ್ಟಳು. ಎರಡನ್ನೂ ಒಂದೇ ಹಂಡೆಗೆ ಹಾಕಿಸಿದಳು.

ಒಂಬತ್ತನೆಯ ದಿನ ಪಡಸಾಲೆಯಲ್ಲಿ ನೀರಿನ ಬೋಗುಣಿ ಇಟ್ಟು ತಂದೆಯ ಮುಂದೆ ಕುಳಿತಳು. ನಾನು ಮತ್ತು ಚಂದ್ರವ್ವ ಒಳಬಾಗಿಲಲ್ಲಿ ನಿಂತೆವು. ಅವಳು ಎರಡೂ ಲಡಿಗಳನ್ನು ನೀರಿನಲ್ಲಿ ಅದ್ದಿ ಹಿಂಡಿದಳು. ಒಂದರ ಕೆಂಪು ನೀರಿಗೆ ಹರಿದು ಹೋಯಿತು. ಇನ್ನೊಂದು ಹಾಗೇ ಇತ್ತು.

"ಅಪ್ಪಾಜಿ, ಈ ಬಣ್ಣಕ್ಕ ನೂಲಿನ ಕೂಡ ನೇರ ಸಂಬಂಧ ಇಲ್ಲ. ಮ್ಯಾಲ ಕುಂತಿರತೈತಿ, ನೀರ ಬಂದ್ರ ಎದ್ದ ಹೋಗತೈತಿ. ಪಟಿಕ ಮೊದಲ ನೂಲಿನ ಒಳಗ ಹೋಗಿ ಹಿಡಕೋತೈತಿ. ಆಮ್ಯಾಲ ಬಣ್ಣ ಬಂದ್ರ ಅದನ್ನೂ ಹಿಡಕೋತೈತಿ. ಇವೆರಡೂ ಕೂಡಿ ನೀರಾಗ ಕರಗದಂಥಾ ಹೊಸಾದೊಂದ ವಸ್ತು ಆಗತೈತಿ. ಅದಕ್ಕ ನಿಂದರತೈತಿ."

ಅಪ್ಪಣ್ಣನವರು ಬೋಗುಣಿಯ ನೀರಿಗೆ ಬೆರಳದ್ದಿ ನೋಡಿದರು. ನಲವತ್ತು ವರ್ಷ ನೂಲು ಮಾರಿದವರು. "ರೇಷ್ಮಿಗೆ ಕೆಲವು ಬಣ್ಣ ಪಟಿಕ ಇಲ್ಲದನ ಹಿಡೀತಾವಲ್ಲ? ಅದ್ಯಾಕ?"

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಚಂದ್ರವ್ವ ನನ್ನ ಮುಂಗೈ ಹಿಡಿದುಕೊಂಡರು, ಯಾಕೆ ಹಿಡಿದರೋ ಗೊತ್ತಿಲ್ಲ. ನಾನು ಬಾಯಿ ಮುಚ್ಚಿಕೊಂಡೆ.

ಪದ್ಮಾವತಿ ಹಿಂತಿರುಗಿ ನೋಡಲಿಲ್ಲ. "ಗೊತ್ತಿಲ್ಲ ಅಪ್ಪಾಜಿ. ಕೇಳಕೊಂಡ ಬಂದ ಹೇಳತೀನಿ."

ಅವರು ನಕ್ಕರು. ಅವರು ನಕ್ಕದ್ದನ್ನು ನಾನು ಆವರೆಗೆ ಕಂಡಿರಲಿಲ್ಲ. "ಗೊತ್ತಿಲ್ಲ ಅನ್ನಾಕ ಕಲತೀ. ಹಂಗಾದ್ರ ಹೋಗು, ಕೇಳಕೊಂಡ ಬಾ."

ಅವಳು ಪರೀಕ್ಷೆಯಲ್ಲಿ ಪಾಸಾದಳು, ಬಹಳ ಮೇಲಿನ ದರ್ಜೆಯಲ್ಲೇನಲ್ಲ. ಮುಧೋಳದವರು ಬೇರೆ ಹುಡುಗಿಯನ್ನು ತಂದುಕೊಂಡರು. ಉಳಿದ ವಿದ್ಯಾರ್ಥಿಗಳಿಗೆ ನಾನು ಉತ್ತರ ಬರೆದುಕೊಡುವುದನ್ನು ನಿಲ್ಲಿಸಿದೆ. ಕಲಿಯುವುದಿದ್ದರೆ ಬನ್ನಿ ಎಂದೆ. ಒಬ್ಬ ಬಂದ, ಒಬ್ಬ ಬರಲಿಲ್ಲ.

ಆದರೆ ನನ್ನೊಳಗಿನ ಚಡಪಡಿಕೆ ಇನ್ನೂ ಹೆಚ್ಚಾಯಿತು. ಇನ್ನೊಬ್ಬರ ಪ್ರಶ್ನೆ ಕೈಗೆ ಸಿಗದಾಗ ನನ್ನವೇ ಬೇಕಾದವು. ನಮ್ಮವರು ಒಂದು ದಿನ ತಾವಾಗಿಯೇ, "ಹೋಗಿ ಮುಗಿಸಿಕೊಂಡು ಬಾ" ಎಂದರು. ಮೈಸೂರಿನ ಕಾಲೇಜು ಮತ್ತೆ ಸೇರಿಸಿಕೊಂಡಿತು. ಬಿಟ್ಟ ತರಗತಿಗೇ ನಾನು ಮರಳಿದೆ, ಆದರೆ ಅಲ್ಲಿ ಕುಳಿತವರೆಲ್ಲ ನನಗಿಂತ ಚಿಕ್ಕವರು. ಲೆಕ್ಚರರು ಏನೋ ಕೇಳಿದಾಗ ನನ್ನ ಬಾಯಿಂದ "ತಿಳೀವಲ್ದು ಸರ್" ಎಂದು ಹೊರಟಿತು. ಇಡೀ ತರಗತಿ ನಕ್ಕಿತು. ಮನೆಯಲ್ಲಿ ಅಮ್ಮ ಮುದ್ದೆ ಬಡಿಸಿದರೆ ನಾನು ಶೇಂಗಾ ಚಟ್ನಿ ಹುಡುಕುತ್ತಿದ್ದೆ. ಓಣಿ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಓದಲು ಮನಸ್ಸು ನಿಲ್ಲುತ್ತಿರಲಿಲ್ಲ. ಸ್ಟೇಷನ್ನಿನಿಂದ ನನ್ನನ್ನು ಕರೆತಂದ ಜಟಕಾದವನು, ನಾನು ಹುಟ್ಟಿದ ಬೀದಿಯಲ್ಲೇ ಗಾಡಿ ನಿಲ್ಲಿಸಿ, "ಅಮ್ಮಾವ್ರು ಹುಬ್ಬಳ್ಳಿ ಕಡೆಯವರಾ?" ಎಂದು ಕೇಳಿದ್ದ.

ಪದವಿ ಮುಗಿಸಿ ಕುಡಚಿಯಲ್ಲಿ ಇಳಿಯುವ ಹೊತ್ತಿಗೆ ಸಂಸ್ಥಾನಗಳೇ ಮುಗಿದಿದ್ದವು. ಬನಹಟ್ಟಿಯೂ ರಬಕವಿಯೂ ಈಗ ಮುಂಬಯಿ ಸರ್ಕಾರದವು, ನಡುವಿನ ಗಡಿ ಇರಲಿಲ್ಲ. ಮೋಟಾರಿನವನು "ಯಾವೂರ್ರಿ?" ಎಂದ. "ಬನಹಟ್ಟಿ" ಎಂದೆ. ಅವನು ನನ್ನ ಮುಖ ನೋಡಿ, "ಅಲ್ಲ, ನಿಮ್ಮ ಸ್ವಂತದ್ದ ಯಾವೂರು?" ಎಂದು ಮತ್ತೆ ಕೇಳಿದ.

ಮನೆ ಸೇರಿದಾಗ ಚಂದ್ರವ್ವ ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದರು. ಮೊರ ಬಿಟ್ಟು ಎದ್ದು ಬಂದು ಎರಡೂ ಕೈಗಳಿಂದ ನನ್ನ ಕೆನ್ನೆ ಸವರಿ ನೆಟಿಗೆ ಮುರಿದರು. ಪದ್ದಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಳೆಂದರು, ರಜೆಗೆ ಬರುತ್ತಾಳೆಂದರು, ಮಾಸ್ತರರು ಸೊರಗಿದ್ದಾರೆಂದರು. ನನ್ನ ಪೆಟ್ಟಿಗೆಯನ್ನು ತಾವೇ ಒಳಗೆ ಎಳೆಯುತ್ತ, ತೀರ ಪ್ರೀತಿಯಿಂದ ಕೇಳಿದರು:

"ಎಷ್ಟ ದಿವಸಕ್ಕ ಬಂದೀರಿ, ಯವ್ವಾ?"

ನಾನು ಪೆಟ್ಟಿಗೆಯ ಇನ್ನೊಂದು ಹಿಡಿಕೆಗೆ ಕೈ ಹಾಕಿದೆ.