ಗಾಲಿ ಹತ್ತಿದ ಮುಡಿಪು

ಬಸ್ಸಿನ ಹಿಂದೆ ಓಡುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಚಪ್ಪಲಿ ಕೈಯಲ್ಲಿ ಹಿಡಿದು, ನನ್ನ ವಂಶವನ್ನೆಲ್ಲ ಬೈಯುತ್ತ ಓಡಿ ಬರುವವರನ್ನು ಕನ್ನಡಿಯಲ್ಲಿ ಕಂಡು ನಕ್ಕಿದ್ದೂ ಉಂಟು. ಆದರೆ ವಾರವಿಡೀ ಬಸ್ಸಿನಲ್ಲಿ ನಿಂತು ಕಾಲು ನೋಯಿಸಿಕೊಂಡ ಕಂಡಕ್ಟರೇ ರಜೆಯ ದಿನ ಊರಾಚೆ ಹೋಗಿ ಮೈಲಿಗಟ್ಟಲೆ ಓಡುವುದನ್ನು ಕಂಡದ್ದು ಪದ್ಮಾವತಿಯಲ್ಲಿ ಮಾತ್ರ.

ನಾನು ಡ್ರೈವರ್ ಅಮರಗುಂಡಪ್ಪ. ಸಿಂಧನೂರಿನಿಂದ ಮಸ್ಕಿ ಹಾದು ಲಿಂಗಸುಗೂರಿಗೆ ಹೋಗಿ ಬರುವುದು ನನ್ನ ಗಾಡಿ. ಸ್ಟೇರಿಂಗಿನ ಮೇಲೆ ಶ್ರೀಶೈಲದ ಮಲ್ಲಯ್ಯನ ಫೋಟೊ, ನನ್ನ ಹಣೆಯ ಮೇಲೆ ವಿಭೂತಿ, ಬಾಯಲ್ಲಿ ಬೈಗುಳ. ಈ ಮೂರೂ ಇಲ್ಲದೆ ನಮ್ಮ ರಸ್ತೆಯಲ್ಲಿ ಗಾಡಿ ಮುಂದೆ ಹೋಗುವುದಿಲ್ಲ. ಪದ್ಮಾವತಿ ನನ್ನ ಗಾಡಿಗೆ ಬಂದು ವರ್ಷಗಳಾದವು. ಗೊರೇಬಾಳದವಳು. ಗಂಡ ರಾಜೇಶ ಕಚೇರಿಯೊಂದರಲ್ಲಿ ಗುಮಾಸ್ತ. ಮೊದಮೊದಲು ಆಕೆ ಮಾತಿನ ಮಲ್ಲಿ. ಚಿಲ್ಲರೆ ಇಲ್ಲದವರಿಗೂ ಜಾಗ ಬಿಡದವರಿಗೂ ಆಕೆ ಕೊಡುತ್ತಿದ್ದ ಉತ್ತರ ಕೇಳಿ ಇಡೀ ಬಸ್ಸು ನಗುತ್ತಿತ್ತು. ಆ ಬಾಯಿ ಮುಚ್ಚಿಹೋದದ್ದು ಮಗಳು ಸತ್ತ ಮೇಲೆ.

ಮಗಳ ಹೆಸರು ಯಶೋಧರಾ. ಎಲ್ಲರ ಬಾಯಲ್ಲಿ ಯಶು. ರಕ್ತದ ಕಾಯಿಲೆ. ರಾಯಚೂರಿನ ಆಸ್ಪತ್ರೆಗೆ ಅಲೆದು ಅಲೆದು ಕಡೆಗೆ ಪದ್ಮಾವತಿ ಹರಕೆ ಹೊತ್ತಳು. ಯುಗಾದಿಯ ಮುಂಚೆ ನಮ್ಮ ಕಡೆಯ ಜನ ಗುಂಪುಗುಂಪಾಗಿ ಬರಿಗಾಲಲ್ಲಿ ಶ್ರೀಶೈಲಕ್ಕೆ ನಡೆದು ಹೋಗುತ್ತಾರಲ್ಲ, ಆ ವರ್ಷ ಆಕೆಯೂ ಮಗಳ ಹೆಸರಲ್ಲಿ ಮುಡಿಪು ಕಟ್ಟಿಕೊಂಡು ಹೊರಟಳು. ಮನೆಯಲ್ಲಿ ಬುದ್ಧನ ಫೋಟೊ ಒಂದೇ ಇಟ್ಟುಕೊಂಡಿದ್ದ ರಾಜೇಶನೂ ನೀರಿನ ಬಾಟಲಿ ಹಿಡಿದು ಹೆಂಡತಿಯ ಹಿಂದೆ ನಡೆದ. ಕಾಡಿನ ದಾರಿಯಲ್ಲಿ ಅಂಗಾಲು ಸುಲಿದು ರಕ್ತ ಬಂದಾಗ ಯಾರೋ ಟ್ರ್ಯಾಕ್ಟರ್ ಹತ್ತು ಎಂದರಂತೆ. ಆಕೆ ಹತ್ತಲಿಲ್ಲ. ಗಾಲಿ ಹತ್ತಿದ ಮುಡಿಪು ಮಲ್ಲಯ್ಯನಿಗೆ ಮುಟ್ಟುವುದಿಲ್ಲ ಎಂಬುದು ನಮ್ಮಲ್ಲಿ ಹಸುಗೂಸಿಗೂ ಗೊತ್ತು. ಪೂರ್ತಿ ನಡೆದಳು, ಮುಡಿಪು ಒಪ್ಪಿಸಿದಳು, ತಿರುಗಿ ಬಂದಳು. ಮಳೆಗಾಲ ಹಿಡಿಯುವ ಮುಂಚೆ ಯಶು ಹೋದಳು.

ಓಟ ಹಿಡಿದದ್ದು ಆಮೇಲೆ. ಹೈಸ್ಕೂಲಿನಲ್ಲಿ ಜಿಲ್ಲಾ ಪಂದ್ಯದವರೆಗೆ ಓಡಿದ್ದಳಂತೆ. ಒಂದು ನಸುಕಿನಲ್ಲಿ ಎದ್ದು ಕಾಲುವೆಯ ಏರಿಯ ಮೇಲೆ ಓಡತೊಡಗಿದವಳು ಮತ್ತೆ ಬಿಡಲಿಲ್ಲ. ಊರ ಜನಕ್ಕೆ ಹೇಳಬೇಕೆ, ಆಡಿಕೊಂಡರು. ನಾನೂ ಅಂದೆ:

“ಅಲ್ಲ ತಂಗಿ, ಡ್ಯೂಟಿ ಮಾಡಿ ಸಾಕಾಗಂಗಿಲ್ಲೇನು? ಯಾರ ಬೆನ್ನು ಹತ್ಯಾರ ಅಂತ ಹಂಗ ಓಡ್ತಿ?”

“ಅಣ್ಣಾರ, ಕುಂತ್ರ ಆಕಿ ಬರ್ತಾಳ್ರಿ. ಮಲಗಿದ್ರೂ ಬರ್ತಾಳ. ಉಸಿರು ಹತ್ತಿ ಎದಿ ಒಡೆಯೋ ಹಂಗ ಆಗ್ತೈತಲ್ರಿ, ಅವಾಗ ಒಂದೀಟು ಹೊತ್ತು ಎಲ್ಲಾ ಸುಮ್ನಾಗ್ತೈತಿ. ಅಷ್ಟಕ್ಕ ಓಡ್ತೀನಿ.”

ಮತ್ತೆ ನಾನು ಆ ಮಾತು ಎತ್ತಲಿಲ್ಲ.

ಈ ವರ್ಷದ ಸಂಕ್ರಾಂತಿಯ ಹೊತ್ತಿಗೆ ಬಲ ಮೊಣಕಾಲು ಕೈಕೊಟ್ಟಿತು. ಬಸ್ಸಿನ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ಹಲ್ಲು ಕಚ್ಚುವುದನ್ನು ನಾನೇ ನೋಡಿದೆ. ಡಾಕ್ಟರು ಮೂಳೆಯ ನಡುವಿನ ಮೆತ್ತೆ ಸವೆದಿದೆ, ಓಟ ಬಿಡು ಎಂದರು. ಬಿಡು ಎಂದು ಹೇಳುವುದು ಸುಲಭ. ಬಿಟ್ಟರೆ ಈಕೆ ಎಲ್ಲಿಗೆ ಹೋಗಬೇಕು? ಹೊಸಪೇಟೆಯ ಕಡೆ ಗುಡ್ಡದ ದಾರಿಯಲ್ಲಿ ನಡೆಯುವ ಉದ್ದ ಓಟಕ್ಕೆ ಆಕೆ ಹೆಸರು ಕೊಟ್ಟಿದ್ದಳು. ಅದಕ್ಕೂ ಮುಂಚೆ ತನಗೆ ತಾನೇ ಒಂದು ಪರೀಕ್ಷೆ ಇಟ್ಟುಕೊಂಡಳು. ಒಂದು ಭಾನುವಾರ ಗೊರೇಬಾಳದಿಂದ ಕಾಲುವೆ ಏರಿ ಹಿಡಿದು, ಬಂಡಿ ದಾರಿಯಲ್ಲಿ ಹಾದು, ಮಸ್ಕಿಯವರೆಗೆ ಒಬ್ಬಳೇ ಓಡುವುದು. ಕಾಲು ತಡೆದುಕೊಂಡರೆ ಓಟ ಉಳಿಯಿತು. ತಡೆಯದಿದ್ದರೆ ಮುಗಿಯಿತು.

“ಮಸ್ಕಿ ಸ್ಟ್ಯಾಂಡಿನಾಗ ನಿಂತಿರ್ತೀನ್ರಿ. ನೀವು ಲಿಂಗಸುಗೂರಿಂದ ಹೊಳ್ಳಿ ಬರೋವಾಗ ಹತ್ತಿಸ್ಕೊಳ್ರಿ” ಎಂದಳು. ಆಕೆಯ ದನಿಯಲ್ಲಿ ಹಳೆಯ ಪದ್ಮಾವತಿಯ ಎಳೆಯೊಂದು ಕೇಳಿಸಿ ನನಗೆ ಖುಷಿಯೇ ಆಯಿತು.

ಆ ದಿನ ಆದದ್ದನ್ನು ಆಕೆ ಆಮೇಲೆ ತುಣುಕು ತುಣುಕಾಗಿ ಹೇಳಿದಳು. ನಾನು ಜೋಡಿಸಿಕೊಂಡಿದ್ದೇನೆ.

ಬೆಳಕು ಹರಿಯುವ ಮುಂಚೆ ಹೊರಟಳು. ಕಾಲುವೆ ತುಂಬಿ ಹರಿಯುತ್ತಿತ್ತು. ಏರಿಯ ಎರಡೂ ಬದಿಗೆ ಬೇಸಿಗೆಯ ಭತ್ತ ತೆನೆ ಹಿಡಿದಿತ್ತು. ಮಣ್ಣು ತಂಪಾಗಿತ್ತು, ಕಾಲೂ ಮಾತು ಕೇಳುತ್ತಿತ್ತು. ತೂಬಿನ ಹತ್ತಿರ ಎಮ್ಮೆ ತೊಳೆಯುತ್ತಿದ್ದ ಉಸ್ಮಾನ್‌ಸಾಬ್ ಎಂಬ ಮುದುಕ, “ಯಾಕಬೇ, ಬಸ್ಸು ಕೆಟ್ಟೈತೇನು?” ಎಂದು ಕೂಗಿದಾಗ ಈಕೆ ಓಡುತ್ತಲೇ ನಕ್ಕಳಂತೆ. ನಕ್ಕದ್ದು ನೆನಪಿದೆ, ಯಾಕೆಂದರೆ ಬಹಳ ದಿನದ ಮೇಲೆ ನಕ್ಕೆ ಎಂದಳು.

ಏರಿ ಬಿಟ್ಟು ಬಂಡಿ ದಾರಿಗೆ ಇಳಿದಾಗ ಹೊತ್ತು ಏರಿತ್ತು. ಅಲ್ಲಿಂದ ನೀರಾವರಿ ಮುಗಿದು ಕಲ್ಲು ಶುರು. ಒಂದು ಶೂವಿನ ಅಡಿ ಕಿತ್ತು ಬಾಯಿ ಬಿಟ್ಟಿತು. ಎರಡನ್ನೂ ಬಿಚ್ಚಿ ಹೆಗಲಿಗೆ ಹಾಕಿಕೊಂಡಳು. ಬಿಸಿಲಿಗೆ ಹಳದಿ ಟವೆಲ್ ತಲೆಗೆ ಸುತ್ತಿದಳು. ಮೊಣಕಾಲು ಹಿಡಿಯತೊಡಗಿತ್ತು. ಕುಂಟುತ್ತಲೇ ಓಡಿದಳು. ದಾರಿ ಮಸ್ಕಿಯ ಡಾಂಬರು ರಸ್ತೆಗೆ ಹತ್ತುವಲ್ಲಿ ಒಂದು ಶಾಮಿಯಾನ. ಶ್ರೀಶೈಲಕ್ಕೆ ನಡೆಯುವವರಿಗೆ ಹತ್ತಿರದ ಹಳ್ಳಿಯವರು ಇಟ್ಟ ದಾಸೋಹ. ಬರಿಗಾಲು, ತಲೆಗೆ ಹಳದಿ ಬಟ್ಟೆ, ಕುಂಟುತ್ತ ಓಡುವ ಒಂಟಿ ಹೆಣ್ಣು. ಇದನ್ನು ಕಂಡ ಮೇಲೆ ನಮ್ಮ ಜನ ಸುಮ್ಮನೆ ಬಿಡುತ್ತಾರೆಯೇ? ಓಡುತ್ತ ಮಲ್ಲಯ್ಯನಿಗೆ ಹೋಗುವ ಹರಕೆ ಹೊತ್ತವಳು, ಮೊದಲು ಮಸ್ಕಿ ಗುಡ್ಡದ ಮಲ್ಲಯ್ಯನಿಗೆ ಕೈಮುಗಿದು ಶ್ರೀಶೈಲದ ಕಡೆ ತಿರುಗುತ್ತಾಳೆ ಎಂದುಕೊಂಡು ಅಡ್ಡ ನಿಂತರು.

ಸಂಗಮ್ಮ ಎಂಬ ಹಿರಿಯಳು ಕೈ ಹಿಡಿದು ಎಳೆದು ಕುರ್ಚಿಯಲ್ಲಿ ಕೂರಿಸಿದಳು. ಉಗುರುಬೆಚ್ಚನೆ ನೀರಿನಲ್ಲಿ ಪಾದ ತೊಳೆದಳು. ಹರಳೆಣ್ಣೆ ಹಚ್ಚಿ ತಿಕ್ಕಿದಳು.

“ಅಮ್ಮಾರ, ನಾ ಶ್ರೀಶೈಲಕ್ಕ ಹೊಂಟಾಕಿ ಅಲ್ರಿ. ಸುಮ್ನ ಓಡಾಕತ್ತೀನಿ” ಎಂದಳು ಪದ್ಮಾವತಿ.

ಸಂಗಮ್ಮ ತಲೆ ಎತ್ತಿ ನಕ್ಕಳು. “ಖರೇ ಭಕ್ತರು ಹೇಳೋದು ಹಿಂಗ ನೋಡು. ಇಂಥ ಬಿಸಿಲಾಗ ಬರಿಗಾಲಿಲೆ ಯಾರವ್ವ ಸುಮ್ನ ಓಡ್ತಾರ?”

ಪದ್ಮಾವತಿ ಮಜ್ಜಿಗೆ ಕುಡಿದು ಏಳಬೇಕು ಎನ್ನುವಷ್ಟರಲ್ಲಿ ಸಂಗಮ್ಮ ಸೊಂಟದಿಂದ ಒಂದು ಗಂಟು ತೆಗೆದಳು. ಅರಿಶಿಣದ ಬಟ್ಟೆಯಲ್ಲಿ ಒಂದು ಹಿಡಿ ಅಕ್ಕಿ, ಒಣಕೊಬ್ಬರಿ, ಒಂದು ಮಗುವಿನ ಉಡಿದಾರ.

“ನನ್ನ ಮೊಮ್ಮಗ ಬಸವಲಿಂಗ ರಾಯಚೂರಾಗ ದವಾಖಾನ್ಯಾಗ ಅದಾನವ್ವ. ಜ್ವರ ನೆತ್ತಿಗೇರೈತಿ, ಕಣ್ಣ ತೆರಿವಲ್ಲ. ನನಗ ನಡಿಯೂ ಶಕ್ತಿ ಇಲ್ಲ. ಮಂದಿ ಗುಂಪಿನಾಗ ಕೊಟ್ರ ಯಾರ್ ನೆನಪಿಡ್ತಾರ? ನೀ ಒಬ್ಬಾಕಿ ಬಂದಿ, ಓಡಿಕೊಂತ ಬಂದಿ. ಮಲ್ಲಯ್ಯನ ಕಳಿಸ್ಯಾನ. ಇದನ್ನ ಮುಟ್ಟಿಸವ್ವ.”

ಬೇಡ ಎನ್ನಬೇಕಿತ್ತು ಎಂದು ಹೇಳುವುದಕ್ಕೆ ನನಗೇನು. ಅದೇ ಊರು, ಅಂಥದೇ ಆಸ್ಪತ್ರೆ, ಕಣ್ಣು ತೆರೆಯದ ಕೂಸು.  ಪದ್ಮಾವತಿ ಗಂಟನ್ನು ತೆಗೆದುಕೊಂಡು ಮಡಿಲಲ್ಲಿ ಕಟ್ಟಿಕೊಂಡಳು. “ಮುಟ್ಟಿಸ್ತೀನ್ರಿ” ಎಂದಳು.

ಮುಂದೆ ಓಡಿದ್ದು ಹೆಚ್ಚು ದೂರವಲ್ಲ. ಮಸ್ಕಿಯ ಮಲ್ಲಯ್ಯನ ಗುಡ್ಡ ಕಣ್ಣಿಗೆ ಬೀಳುತ್ತಿತ್ತು. ಕಾಲುವೆ ಏರಿಯ ಮೇಲೆ ಸಿಕ್ಕ ಆ ಮೌನ ಮತ್ತೆ ಸಿಗಲಿಲ್ಲ. ಮಡಿಲ ಗಂಟು ಹೆಜ್ಜೆಗೊಮ್ಮೆ ಹೊಟ್ಟೆಗೆ ಬಡಿಯುತ್ತಿತ್ತು. ಪ್ರತಿ ಬಡಿತಕ್ಕೂ ಯಶು ಬಂದಳು. ರಸ್ತೆಯ ಒಂದು ಮೋರಿಯ ಹತ್ತಿರ ಮೊಣಕಾಲು ಟಕ್ಕೆಂದಿತು. ಅಲ್ಲೇ ಕುಸಿದಳು.

ನಾನು ಮಸ್ಕಿ ಸ್ಟ್ಯಾಂಡಿನಲ್ಲಿ ಆಕೆಯನ್ನು ಕಾಣದೆ ಗೊಣಗುತ್ತ ಮುಂದೆ ಬಂದೆ. ರಸ್ತೆಯ ಬದಿಗೆ ಮೋರಿಯ ಕಟ್ಟೆಗೆ ಆತು ಕೂತಿದ್ದಳು. ಗಾಡಿ ನಿಲ್ಲಿಸಿ ಇಳಿದೆ. ಮೊಣಕಾಲು ಕುಂಬಳಕಾಯಿಯಾಗಿತ್ತು. ಶ್ರೀಶೈಲಕ್ಕೆ ನಡೆದು ಹೋಗುವ ಗುಂಪೊಂದು ಅಲ್ಲಿ ನಿಂತಿತ್ತು. ಆಕೆ ಅವರಿಗೆ ಗಂಟು ಚಾಚಿದ್ದಳು, ಅವರು ಮುಟ್ಟಿರಲಿಲ್ಲ.

“ನಿನ್ನ ಕೈಯಾಗ ಕೊಟ್ಟಾರವ್ವ, ನೀನ ಮುಟ್ಟಿಸಬೇಕು. ನಡುವ ಕೈ ಬದಲಾಗಬಾರದು” ಎಂದ ಅವರಲ್ಲಿ ಹಿರಿಯ. ಕೈಮುಗಿದು ಮುಂದೆ ನಡೆದರು.

“ಬಾ ತಂಗಿ, ಗಾಡಿ ಹತ್ತು” ಎಂದೆ.

“ಗಾಲಿ ಹತ್ತಿದ್ರ ಇದು ಮುಟ್ಟಂಗಿಲ್ಲಲ್ರಿ, ಅಣ್ಣಾರ.”

ನಾನು ಮಲ್ಲಯ್ಯನ ಒಕ್ಕಲು. ಮುಟ್ಟುತ್ತದೆ ಎಂದು ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಎರಡು ಸಲ ಏಳಲು ನೋಡಿದಳು, ಎರಡು ಸಲವೂ ಬಿದ್ದಳು. ಬಸ್ಸಿನಲ್ಲಿದ್ದ ನಗ್ಮಾ ಎಂಬ ನರ್ಸಮ್ಮ ಇಳಿದು ಬಂದು ರಟ್ಟೆ ಹಿಡಿದಳು. ಇಬ್ಬರೂ ಸೇರಿ ಎತ್ತಿ ಸೀಟಿನ ಮೇಲೆ ಕೂರಿಸಿದೆವು. ಸಿಂಧನೂರು ಬರುವವರೆಗೆ ಆಕೆ ಗಂಟನ್ನು ಎದೆಗೆ ಹಿಡಿದು ಅತ್ತಳು. ಕಾಲಿಗಾಗಿ ಅತ್ತಳೋ, ಆ ಹುಡುಗನಿಗಾಗಿಯೋ, ನಾನು ಕೇಳಲಿಲ್ಲ.

ಓಟ ಅಲ್ಲಿಗೆ ಮುಗಿಯಿತು. ರಜೆ ಮುಗಿಸಿ ಡ್ಯೂಟಿಗೆ ಬಂದಾಗ ಆಕೆ ಸೀಟಿನ ಸಾಲುಗಳ ನಡುವೆ ಕುಂಟುತ್ತ ಟಿಕೆಟ್ ಕೊಡುತ್ತಿದ್ದಳು. ಮುಖದಲ್ಲಿ ನಿದ್ದೆ ಇಲ್ಲದ್ದು ಕಾಣುತ್ತಿತ್ತು. ಈಗ ಕೂತರೂ ಮಲಗಿದರೂ ಬರುವವರು ಇಬ್ಬರು, ಮಗಳು ಮತ್ತು ತಾನು ನೋಡದ ಆ ಹುಡುಗ. ಶಾಮಿಯಾನ ಯುಗಾದಿಗೇ ಎತ್ತಿದ್ದರು. ಕೇಳೋಣವೆಂದರೆ ಸಂಗಮ್ಮನ ಊರು ಯಾವುದೆಂದೂ ಈಕೆ ವಿಚಾರಿಸಿರಲಿಲ್ಲ. ಗಂಟು ಕಂಡಕ್ಟರ್ ಚೀಲದಲ್ಲೇ ಇತ್ತು.

ಹೋದ ವಾರ ಮಸ್ಕಿಯ ಈಚೆಗೆ ಒಬ್ಬ ಮುದುಕಿ ಕೈ ಮಾಡಿದಳು. ಜೊತೆಗೆ ತಲೆ ಬೋಳಿಸಿದ ಹುಡುಗ, ಕೈಯಲ್ಲಿ ಕಾಯಿ, ಹೂವು. ನನ್ನ ಹಿಂದಿನ ಸೀಟಿನಲ್ಲೇ ಕೂತಳು. ಪದ್ಮಾವತಿ ಉಚಿತ ಟಿಕೆಟ್ ಹರಿದು ಕೊಡುವಾಗ ಆಕೆಯ ಕೈ ಅರೆಕ್ಷಣ ನಿಂತದ್ದನ್ನು ಕನ್ನಡಿಯಲ್ಲಿ ಕಂಡೆ. ಖಾಕಿ ಅಂಗಿಯೊಳಗಿನ ಮುಖವನ್ನು ಮುದುಕಿ ನೋಡಲೇ ಇಲ್ಲ. ಆಕೆಗೆ ಪಕ್ಕದವಳಿಗೆ ಕಥೆ ಹೇಳುವ ಅವಸರ.

“ಡಾಕ್ಟರ್ ಕೈ ಬಿಟ್ಟಿದ್ರವ್ವ. ಒಬ್ಬಾಕಿ ತಾಯಿ ಬರಿಗಾಲಿಲೆ ಓಡಿಕೊಂತ ಬಂದ್ಲು, ಆಕಿ ಕೈಯಾಗ ಮುಡಿಪು ಕೊಟ್ಟೆ. ಆಕಿ ಮುಟ್ಟಿಸ್ಯಾಳ ನೋಡು. ನನ್ನ ಕೂಸು ಎದ್ದು ಕುಂತು ರೊಟ್ಟಿ ಬೇಡ್ತು. ಇವತ್ತ ಮಸ್ಕಿ ಗುಡ್ಡಕ್ಕ ಕಾಯಿ ಒಡಿಸಾಕ ಹೊಂಟೀವಿ.”

ಹುಡುಗ ಕಿಟಕಿಯಿಂದ ಕೈ ಹೊರಗೆ ಹಾಕಿದ. ಪದ್ಮಾವತಿ ಆ ಕೈ ಹಿಡಿದು ಒಳಗೆ ತಂದಿಟ್ಟಳು. ಮಸ್ಕಿಯಲ್ಲಿ ಅಜ್ಜಿ ಮೊಮ್ಮಗ ಇಳಿದು ಹೋದರು.

ಲಿಂಗಸುಗೂರು ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದ ಮೇಲೆ ಆಕೆ ನನ್ನ ಪಕ್ಕದ ಬಾನೆಟ್ಟಿನ ಮೇಲೆ ಬಂದು ಕೂತಳು. ಚೀಲದಿಂದ ಗಂಟು ತೆಗೆದು ತೊಡೆಯ ಮೇಲಿಟ್ಟಳು.

“ನನ್ನ ಕೂಸಿಂದು ರಕ್ತ ಸುರಿಸಿಕೊಂತ ನಡದು ಮುಟ್ಟಿಸಿದೆ, ಅಣ್ಣಾರ. ಆಕಿ ಹೋದ್ಲು. ಇದು ಗಾಲಿ ಹತ್ತಿ ಈ ಚೀಲದಾಗ ಬಿದ್ದೈತಿ. ಆ ಹುಡುಗ ಎದ್ದು ಬಂದಾನ. ನಿಮ್ಮ ಮಲ್ಲಯ್ಯಗ ಕೇಳ್ರಿ, ಇದು ಯಾವ ನ್ಯಾಯ ಅಂತ.”

ಮಲ್ಲಯ್ಯ ನನ್ನ ಕಣ್ಣ ಮುಂದೆಯೇ ಇದ್ದ, ಫೋಟೊದ ಮೇಲಿನ ಬೆಳಗಿನ ಹೂ ಬಾಡಿತ್ತು.   ಸುಮ್ಮನೆ ಏನಾದರೂ ಹೇಳಬೇಕಲ್ಲ ಎಂದು, “ಹುಡುಗ ಬಂದಾನಲ್ಲ ತಂಗಿ, ಇನ್ನ ಅದರ ಕೆಲಸ ಮುಗೀತು. ಹೊಳ್ಳಿ ಹೋಗೋವಾಗ ಕಾಲುವಿಗೆ ಬಿಟ್ಟುಬಿಡು” ಎಂದೆ.

ಆಕೆ ಗಂಟಿನ ಬಾಯಿಯನ್ನು ಇನ್ನೊಮ್ಮೆ ಬಿಗಿದಳು.

“ಅದನ್ನ ಮಾಡೂನಂತ ನಾನೂ ಅನ್ಕೊಂಡೆ. ನನಗೇನ್ ಇದರಾಗ ನಂಬಿಕಿ ಉಳಿದಿಲ್ರಿ. ಆದ್ರ ಬಿಟ್ಟ ಮ್ಯಾಲೆ ಆ ಹುಡುಗಗ ಏನರ ಆದ್ರ?”

ಗಂಟನ್ನು ಮತ್ತೆ ಚೀಲದೊಳಗೆ, ಟಿಕೆಟ್ ಮಷಿನ್ನಿನ ಕೆಳಗೆ ಇಟ್ಟಳು. ಕಂಬಿ ಹಿಡಿದು ಎದ್ದು, ಕುಂಟುತ್ತ ಬಾಗಿಲಿಗೆ ಹೋಗಿ, ಮಸ್ಕಿ, ಸಿಂಧನೂರು ಎಂದು ಕೂಗತೊಡಗಿದಳು.