ಲ್ಯಾಮಿನೇಷನ್‌ಗೆ ಬಂದ ಹನ್ನೆರಡು ಶಬ್ದಗಳು

ಇದನ್ನು ಬರೆಯಬೇಕೆಂದು ಕುಳಿತು ಎಷ್ಟೋ ಸಲ ಎದ್ದುಹೋಗಿದ್ದೇನೆ. ಕೊರೋನಾ ಮುಗಿದ ಮರುವರ್ಷದ ಮಾತು. ಆಗ ಅಥಣಿಯಲ್ಲಿ ನನ್ನದೊಂದು ಝೆರಾಕ್ಸ್, ಲ್ಯಾಮಿನೇಷನ್ ಅಂಗಡಿ ಇತ್ತು. ನಾನು ಓದಿದ್ದು ಮೆಟ್ರಿಕ್‌ವರೆಗೆ. ಆದರೂ ವರ್ಷಗಟ್ಟಲೆ ಕಂಪ್ಯೂಟರಿನ ಎದುರು ಕುಳಿತವನೆಂದು ಸುತ್ತಲಿನವರು ಆನ್‌ಲೈನ್ ವ್ಯವಹಾರಕ್ಕೆಲ್ಲ ನನ್ನನ್ನೇ ಕೇಳುತ್ತಿದ್ದರು. ಆ ಮರ್ಯಾದೆ ನನಗೆ ರುಚಿಸಿತ್ತು.

ಒಂದು ದಿನ ಐನಾಪುರದ ದ್ರಾಕ್ಷಿ ಬೆಳೆಗಾರ ಅಣ್ಣಾಸಾಹೇಬರ ಸೊಸೆ ಬಂದಳು. ಬಿ.ಕಾಂ. ಓದಿದವಳು. ಮಾವನ ಒಪ್ಪಿಗೆ ಪಡೆದು, ಒಣದ್ರಾಕ್ಷಿ ಮಾರಿದ ಹಣದ ಒಂದು ಪಾಲನ್ನು ಬಿಟ್‌ಕಾಯಿನ್‌ನಲ್ಲಿ ಹಾಕಿದ್ದಳು. ಅದನ್ನಿಡುವ ವ್ಯಾಲೆಟ್‌ಗೆ ಹನ್ನೆರಡು ಇಂಗ್ಲಿಷ್ ಶಬ್ದಗಳಿರುತ್ತವೆ. ಮೊಬೈಲ್ ಕಳೆದರೂ ಆ ಶಬ್ದಗಳಿದ್ದರೆ ಹಣ ಸಿಗುತ್ತದೆ. ಶಬ್ದಗಳು ಬೇರೆಯವರ ಕೈ ಸೇರಿದರೆ ಹಣವೂ ಅವರದೇ. ಅವನ್ನು ಬರೆದ ಚೀಟಿಗೆ ಲ್ಯಾಮಿನೇಷನ್ ಬೇಕಿತ್ತು. ರೇಶನ್ ಕಾರ್ಡಿನಿಂದ ಜಾತಕದವರೆಗೆ ಬೆಲೆಯುಳ್ಳ ಕಾಗದವನ್ನೆಲ್ಲ ಪ್ಲಾಸ್ಟಿಕ್‌ನಲ್ಲಿ ಮುಚ್ಚಿಸುವುದು ನಮ್ಮ ಕಡೆಯ ರೂಢಿ.

"ಇಷ್ಟ ಚೀಟಿಗೆ ಇಷ್ಟ್ಯಾಕವ್ವಾ ಜೋಪಾನ? ಸುರಳಿ ಮಾಡಿ ತಾಯತದಾಗ ಹಾಕ್ಕೋ" ಎಂದು ಚೇಷ್ಟೆ ಮಾಡಿದೆ.

"ತಿಜೋರಿ ಚಾವಿ ಐತ್ರಿ ಕಾಕಾ ಇದು. ನಿಮ್ಮ ಕಂಪ್ಯೂಟರಿನ್ಯಾಗ ಮಾತ್ರ ಇಡಬ್ಯಾಡ್ರಿ" ಎಂದಳು.

ತಲೆಯಾಡಿಸಿ ಒಳಕೋಣೆಗೆ ಹೋದೆ. ಬಿಸಿ ರೋಲರಿನಲ್ಲಿ ಕಾಗದ ಮುದುಡಿದರೆ ಮೂಲವೇ ಹಾಳಾಗುತ್ತದೆಂದು ಮೊದಲು ಸ್ಕ್ಯಾನ್ ಮಾಡಿಟ್ಟುಕೊಳ್ಳುವುದು ನನ್ನ ಪದ್ಧತಿ. ಕೈ ಅದನ್ನೇ ಮಾಡಿತು. ಕೆಲಸ ಮುಗಿದ ಮೇಲೂ ಅಳಿಸಲಿಲ್ಲ. ಹತ್ತಾರು ಜನರ ಪೆನ್‌ಡ್ರೈವ್ ಹೊಕ್ಕು ಹೊರಬರುತ್ತಿದ್ದ ಕಂಪ್ಯೂಟರ್ ಅದು.

ಕೆಲವು ತಿಂಗಳಲ್ಲಿ ವ್ಯಾಲೆಟ್ ಖಾಲಿಯಾಯಿತು. ಅಣ್ಣಾಸಾಹೇಬರು ತಿಳಿದವನೆಂದು ನನ್ನನ್ನು ಮನೆಗೆ ಕರೆಸಿದರು. ಬೇರೆ ಯಾರಿಗೋ ತನ್ನ ವ್ಯಾಲೆಟ್‌ನದೇ ಅಡ್ರೆಸ್, ಅಂದರೆ ಖಾತೆ ನಂಬರಿನಂಥ ಗುರುತು, ಬಂದು ಅವರು ಹಣ ತೆಗೆದಿರಬಹುದೇ ಎಂದು ಸೊಸೆ ಕೇಳಿದಳು. ಸಾಧ್ಯವಿರುವ ಅಡ್ರೆಸ್‌ಗಳ ಸಂಖ್ಯೆ ಒಂದರ ಮುಂದೆ ನಲವತ್ತೆಂಟು ಸೊನ್ನೆ ಬರೆದದ್ದಕ್ಕಿಂತ ದೊಡ್ಡದು ಎಂದು ವಿವರಿಸಿದೆ. ಒಬ್ಬರು ಗುರುತು ಹಾಕಿ ಕೃಷ್ಣೆಯ ದಂಡೆಯಲ್ಲಿ ಎಸೆದ ಮರಳಿನ ಕಣ ಇನ್ನೊಬ್ಬರ ಮೊದಲ ಚಿಟಿಕೆಗೇ ಸಿಗುವುದು ಅದಕ್ಕಿಂತ ಸುಲಭ ಎಂದೆ. ಆ ಲೆಕ್ಕದಲ್ಲಿ ತಪ್ಪಿರಲಿಲ್ಲ.

"ಹಂಗಾದ್ರ ತಗದವ್ರ ಯಾರು?" ಎಂದರು ಅಣ್ಣಾಸಾಹೇಬರು.

"ಶಬ್ದ ಗೊತ್ತಿದ್ದವ್ರ ತಗದಾರ್ರಿ."

ಸೊಸೆ ನನ್ನತ್ತ ತಿರುಗಿದಳು. "ಕಾಕಾ, ನಿಮ್ಮ ಅಂಗಡ್ಯಾಗ ಏನೂ ಉಳದಿಲ್ಲಲ್ರಿ?"

ಅಳಿಸದೆ ಬಿಟ್ಟ ಸ್ಕ್ಯಾನ್ ಆಗ ನೆನಪಾಯಿತು. ಕಂಪ್ಯೂಟರಿಗೆ ಫೈಲ್ ಕದಿಯುವ ವೈರಸ್ ಹೊಕ್ಕಿದೆಯೆಂದು ರಿಪೇರಿಯವನು ಇತ್ತೀಚೆಗಷ್ಟೇ ಹೇಳಿದ್ದ. ನಿಜ ಹೇಳಿದರೆ ನಾಳೆ ಅಂಗಡಿಯ ಮೆಟ್ಟಿಲು ಯಾರು ಹತ್ತುತ್ತಾರೆ?

"ಇಲ್ಲವ್ವಾ" ಎಂದೆ.

ಬಾಗಿಲಲ್ಲಿ ನಿಂತಿದ್ದ ಅತ್ತೆ, "ಇಕಿ ತವರಮನಿಗೆ ಹೊಸಾ ಸ್ಲ್ಯಾಬಿನ ಮಾಳಿಗಿ ಹ್ಯಾಂಗ ಆತಂತ ಈಗ ತಿಳೀತು" ಎಂದಳು. ಸೊಸೆಯ ಗಂಡ ಎದ್ದು ಹೊರಗೆ ಹೋದ. ನಾನು ಅಂಗಡಿಗೆ ಬಂದು ಆ ಫೈಲನ್ನು ಅಳಿಸಿದೆ.

ಆಕೆಯನ್ನು ಸದಲಗಾದ ತವರಿಗೆ ಕಳಿಸಿದರು. ಕರೆತರಲು ಯಾರೂ ಹೋಗಲಿಲ್ಲ. ಹೋದ ವರ್ಷ ಅಲ್ಲಿಯ ಹಾಲಿನ ಡೇರಿಯ ಮುಂದೆ ಕಂಡಳು. "ಆರಾಮ ಅದೀರಿ ಕಾಕಾ?" ಎಂದು ಅವಳೇ ಮಾತಾಡಿಸಿ ಚಹಾ ತರಿಸಿದಳು. ಕುಡಿದು ಬಂದೆ.

ಎರಡು ಅಡ್ರೆಸ್ ಒಂದೇ ಆದೀತೆಂದು ಹೆದರಬೇಕಿಲ್ಲ. ಆ ಶಬ್ದಗಳನ್ನು ಕೈಯಿಂದ ಬರೆದಿಟ್ಟುಕೊಳ್ಳಿ. ಯಾವ ಯಂತ್ರಕ್ಕೂ, ನನ್ನಂಥ ಯಾವ ತಿಳಿದವನಿಗೂ ಕೊಡಬೇಡಿ. ನನ್ನ ಕಸುಬು ಕಲಿಸಿದ್ದು ಇಷ್ಟು.

ಆ ಹಣವನ್ನು ಅವಳು ಮುಟ್ಟಿರಲಿಲ್ಲ. ನಾನು ಇಂದಿಗೂ ಕ್ಷಮೆ ಕೇಳದ ಆ ಹೆಣ್ಣುಮಗಳ ಹೆಸರು ಸುಜಾತಾ.